ನಿದ್ದೆಯಿಂದ ಎದ್ದ ಯಂತ್ರ ಹಳೇ ಲೆಕ್ಕ ಹೇಳಬಾರದು

ಹಳ್ಳಿಯ ಹಾಲಿನ ಡೈರಿಯಲ್ಲಿರುವ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. 2009ರ ಕಾಯಿದೆ, 2011ರ ನಿಯಮಗಳು ಹಾಗೆ ಹೇಳುತ್ತವೆ. ಒಳ್ಳೆಯ ನಿಯಮ. ಆದರೆ ಕಂಪ್ಯೂಟರ್ ಇರುವ ಡೈರಿಯಲ್ಲಿ ರೈತರ ಕೈಗೆ ಬರುವ ಚೀಟಿಯ ಅಂಕಿ ತಕ್ಕಡಿಯಿಂದ ನೇರವಾಗಿ ಬಂದದ್ದಲ್ಲ. ಅದು ಒಂದು ಕೇಬಲ್ ಹಿಡಿದು, ಯುಎಸ್‌ಬಿ ಕನ್ವರ್ಟರ್ ದಾಟಿ, ಕಂಪ್ಯೂಟರಿನೊಳಗಿನ ಡ್ರೈವರ್ ಎಂಬ ಪುಟ್ಟ ತಂತ್ರಾಂಶದ ಮೂಲಕ ಲೆಕ್ಕದ ಸಾಫ್ಟ್‌ವೇರ್ ತಲುಪಿ, ಅಲ್ಲಿಂದ ಪ್ರಿಂಟರಿಗೆ ಹೋಗುತ್ತದೆ. ಈ ದಾರಿಗೆ ಯಾರೂ ಮುದ್ರೆ ಹಾಕುವುದಿಲ್ಲ. ಕಂಪ್ಯೂಟರ್ ಮಲಗಿ ಎದ್ದಾಗಲೆಲ್ಲ ಮೊದಲು ಕೆಡುವುದು ಈ ದಾರಿಯೇ.

ನಾನು ಮುಳಬಾಗಿಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಅದಕ್ಕೆ ಮೊದಲು ಕೆಲವು ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ಯುಎಸ್‌ಬಿ ಡ್ರೈವರ್ ಬರೆಯುವ ತಂಡದಲ್ಲಿದ್ದೆ. ಅಲ್ಲಿ ಪರೀಕ್ಷೆಯ ಮೇಜಿಗೆ ಕರೆಂಟು ಹೋದದ್ದನ್ನು ನೋಡಿದ ನೆನಪಿಲ್ಲ. ಇಲ್ಲಿ ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಅಣ್ಣಾ, ಕರೆಂಟ್ ಹೋಗಿ ಬಂತು, ತಕ್ಕಡಿ ಕಂಪ್ಯೂಟರ್‌ಗೆ ಬರ್ತಾ ಇಲ್ಲ." ಹೊರಗೆ ಆಗಲೇ ಸಾಲು ನಿಂತಿರುತ್ತದೆ. ಕ್ಯಾನಿನಲ್ಲಿರುವ ಹಾಲು ಕೂಲರ್ ಸೇರಿ 4 ಡಿಗ್ರಿಗೆ ಇಳಿಯುವವರೆಗೆ ಪ್ರತಿ ನಿಮಿಷವೂ ಅದಕ್ಕೆ ನಷ್ಟವೇ, ಬೇಸಿಗೆಯಲ್ಲಂತೂ ಕೇಳಬೇಕಿಲ್ಲ.

ಹೊರಗಿನವರಿಗೆ ಇದು ಸಣ್ಣ ತೊಂದರೆಯಾಗಿ ಕಾಣಬಹುದು. ಆದರೆ ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಟೊಮೆಟೊ ಬೆಲೆ ಒಂದು ವಾರ ಮೇಲಿದ್ದರೆ ಮುಂದಿನ ವಾರ ರಸ್ತೆ ಬದಿಗೆ ಸುರಿಯುವ ಹಾಗಿರುತ್ತದೆ. ಶ್ರೀನಿವಾಸಪುರದ ಮಾವು ವರ್ಷಕ್ಕೊಂದು ಫಸಲು, ಅದೂ ಹೂ ನಿಂತರೆ. ಇವೆಲ್ಲದರ ನಡುವೆ ಮನೆಗೆ ತಪ್ಪದೆ ದುಡ್ಡು ತರುವುದು ಕೊಟ್ಟಿಗೆಯ ಸೀಮೆಹಸು. ಕೋಲಾರದ ಎಂ.ವಿ. ಕೃಷ್ಣಪ್ಪ ಅವರನ್ನು ಇಲ್ಲಿನ ಜನ ಇವತ್ತಿಗೂ ನೆನೆಯುವುದು ಈ ಹೈನುಗಾರಿಕೆಗೆ ದಾರಿ ಮಾಡಿಕೊಟ್ಟರೆಂದು. ಮಕ್ಕಳ ಫೀಸು, ದಿನಸಿ, ಸಂಘದ ಸಾಲದ ಕಂತು ಎಲ್ಲವೂ ಡೈರಿಯ ಬಟವಾಡೆಯ ಮೇಲೆ ನಿಂತಿವೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಖಾತೆಗೆ ಬರುವುದೂ ಅದೇ ಕಂಪ್ಯೂಟರಿನಲ್ಲಿ ದಾಖಲಾದ ಲೀಟರಿನ ಲೆಕ್ಕದ ಮೇಲೆ. ಚೀಟಿಯಲ್ಲಿ ತಪ್ಪಿದ ಅಂಕಿ ಎರಡೆರಡು ಕಡೆ ತಪ್ಪುತ್ತದೆ.

ಯಂತ್ರ ಮಲಗುವುದು, ಏಳುವುದು ಅಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು.

ಯುಎಸ್‌ಬಿ ಬಂದದ್ದು 1996ರಲ್ಲಿ. ನಮ್ಮ ತಕ್ಕಡಿಗಳೂ ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ) ತೋರಿಸುವ ಅನಲೈಸರ್‌ಗಳೂ ಇಂದಿಗೂ ಬಳಸುವುದು ಅದಕ್ಕಿಂತ ಹಳೆಯ, 1960ರಲ್ಲಿ ರೂಪಗೊಂಡ ಆರ್‌ಎಸ್-232 ಎಂಬ ಸೀರಿಯಲ್ ಪದ್ಧತಿಯನ್ನು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಒಂಬತ್ತು ಪಿನ್ನಿನ ಸಾಕೆಟ್ ಇಲ್ಲ. ಹಾಗಾಗಿ ನಡುವೆ ಒಂದು ಕನ್ವರ್ಟರ್ ಕೇಬಲ್ ಬೇಕು. ಕಂಪ್ಯೂಟರ್ ಎಚ್ಚರವಿದ್ದಾಗ ಮಿಲಿಸೆಕೆಂಡಿಗೊಮ್ಮೆ ಈ ಕೇಬಲ್ ಮೇಲೆ ಒಂದು ಸಂಕೇತ ಕಳಿಸುತ್ತಲೇ ಇರುತ್ತದೆ. ಸಂಕೇತ ನಿಂತು 3 ಮಿಲಿಸೆಕೆಂಡು ಕಳೆದರೆ ಕನ್ವರ್ಟರ್ ಮಲಗಲು ಹೊರಡಬೇಕು. ಎಚ್ಚರವಿದ್ದಾಗ 500 ಮಿಲಿ ಆಂಪಿಯರ್‌ವರೆಗೆ ಕರೆಂಟು ಎಳೆಯಲು ಅವಕಾಶವಿರುವ ಸಾಧನ, ಮಲಗಿದಾಗ 2.5 ಮಿಲಿ ಆಂಪಿಯರ್ ಮೀರಬಾರದು. ಎಬ್ಬಿಸುವಾಗ ಕಂಪ್ಯೂಟರ್ ಕನಿಷ್ಠ 20 ಮಿಲಿಸೆಕೆಂಡು ಎಚ್ಚರಿಸುವ ಸಂಕೇತ ಕೊಟ್ಟು, ಆಮೇಲೆ ಸುಧಾರಿಸಿಕೊಳ್ಳಲು ಇನ್ನೂ 10 ಮಿಲಿಸೆಕೆಂಡು ಬಿಡಬೇಕು. 2000ನೇ ಇಸವಿಯ ಯುಎಸ್‌ಬಿ 2.0 ನಿಯಮಾವಳಿಯಲ್ಲೇ ಇಷ್ಟು ವಿವರವಾಗಿ ಇದೆಲ್ಲ ಇದೆ.

ಮಲಗಿದ್ದ ಹೊತ್ತಿನಲ್ಲಿ ಸಾಕೆಟ್ಟಿಗೆ 5 ವೋಲ್ಟ್ ಬರುತ್ತಲೇ ಇದ್ದರೆ ಕನ್ವರ್ಟರಿಗೆ ತನ್ನ ವಿಳಾಸ, ತನಗೆ ಹೇಳಿದ್ದ ವೇಗ, ಎಲ್ಲವೂ ನೆನಪಿರುತ್ತದೆ. ಎದ್ದು ಮುಂದುವರಿಯುತ್ತದೆ. ತೊಂದರೆ ಬರುವುದು ಆ 5 ವೋಲ್ಟ್ ನಡುವೆ ತಪ್ಪಿದಾಗ. ಲ್ಯಾಪ್‌ಟಾಪಿನ ಬ್ಯಾಟರಿ ಹಾಳಾಗಿ ಅದು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಹೈಬರ್ನೇಟ್ ಆಗಿರಬಹುದು. ಯುಪಿಎಸ್ ಒಂದು ಕ್ಷಣ ತಡವಾಗಿ ಹಿಡಿದುಕೊಂಡಿರಬಹುದು. ನಾಲ್ಕು ಸಾಕೆಟ್ಟಿನ ಹಬ್‌ಗೆ ಬೇರೆ ಅಡಾಪ್ಟರಿನಿಂದ ಕರೆಂಟು ಬರುತ್ತಿದ್ದು ಅದು ಹೋಗಿರಬಹುದು. ಆಗ ಎದ್ದ ಕನ್ವರ್ಟರ್ ಅವತ್ತೇ ಕೆಲಸಕ್ಕೆ ಸೇರಿದ ಆಳಿನ ಹಾಗೆ: ಮೊದಲಿನಿಂದ ಎಲ್ಲ ಹೇಳಿಕೊಡಬೇಕು. ತಕ್ಕಡಿ ಸೆಕೆಂಡಿಗೆ 2400 ಬಿಟ್ ವೇಗದಲ್ಲಿ ಕಳಿಸುತ್ತಿದ್ದರೆ ಕನ್ವರ್ಟರ್ ತನ್ನ ಹುಟ್ಟುವೇಗದಲ್ಲೇ ಕೇಳಲು ಕೂರುತ್ತದೆ. ಬಂದದ್ದೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ.

ಈ ಎರಡು ಬಗೆಯ ಏಳುವಿಕೆ ಬೇರೆ ಬೇರೆ ಎಂದು ಬಲ್ಲವರು ಎಂದೋ ಗುರುತಿಸಿದ್ದಾರೆ. ಲಿನಕ್ಸ್‌ನಲ್ಲಿ ಡ್ರೈವರ್ ಬರೆಯುವವರಿಗೆ ಇದಕ್ಕಾಗಿ ಎರಡು ಪ್ರತ್ಯೇಕ ಕರೆಗಳಿವೆ. ಒಂದು ರೆಸ್ಯೂಮ್, ನೆನಪು ಉಳಿದಿದ್ದಾಗ. ಇನ್ನೊಂದು ರೀಸೆಟ್-ರೆಸ್ಯೂಮ್, ನೆನಪು ಹೋಗಿದ್ದಾಗ. ಎರಡನೆಯದನ್ನು ಬರೆಯದೆ ಬಿಟ್ಟರೆ ಲಿನಕ್ಸ್ ಆ ಡ್ರೈವರನ್ನು ಸಾಧನದಿಂದ ಬಿಡಿಸಿ ಮತ್ತೆ ಕಟ್ಟುತ್ತದೆ. ಕಟ್ಟಿದ ಮೇಲೆ ಸಾಧನವೇನೋ ಕೆಲಸ ಮಾಡುತ್ತದೆ, ಆದರೆ ಅದನ್ನು ಮೊದಲೇ ತೆರೆದು ಕೂತಿದ್ದ ಲೆಕ್ಕದ ಸಾಫ್ಟ್‌ವೇರಿನ ಕೈಯಲ್ಲಿ ಉಳಿಯುವುದು ಸತ್ತ ದಾರಿ. ಹೊಸ ದಾರಿ ತೆರೆದಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಲಿನಕ್ಸ್‌ನ ಯುಎಸ್‌ಬಿ ವಿದ್ಯುತ್ ನಿರ್ವಹಣೆಯ ದಾಖಲೆ ಬರೆದಿರುವ ಅಲನ್ ಸ್ಟರ್ನ್ ಇದನ್ನೆಲ್ಲ ಯಾರು ಬೇಕಾದರೂ ಓದಿ ತಿಳಿಯುವ ಹಾಗೆ ಇಟ್ಟಿದ್ದಾರೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಕಟ್ಟಳೆಯಿದೆ. ಕೆಲಸವಿಲ್ಲದ ಸಾಧನವೊಂದನ್ನೇ ವ್ಯವಸ್ಥೆ ತಾನಾಗಿ ಮಲಗಿಸಲು ಬಂದರೆ, ಕೈಯಲ್ಲಿ ಕೆಲಸವಿರುವ ಡ್ರೈವರ್ 'ಈಗ ಆಗದು' ಎನ್ನಬಹುದು. ಆದರೆ ಇಡೀ ಕಂಪ್ಯೂಟರ್ ಮಲಗಲು ಹೊರಟಾಗ ಹಾಗೆ ಅಡ್ಡ ನಿಲ್ಲುವಂತಿಲ್ಲ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿದ ಲ್ಯಾಪ್‌ಟಾಪು ಒಂದು ಕೇಬಲಿನ ಹಟಕ್ಕಾಗಿ ಒಳಗೇ ಕಾದು ಕೆಂಪಾಗಬಾರದಲ್ಲ. ಅಂದರೆ ಮಲಗುವಾಗ ಬರುವ ತಪ್ಪನ್ನು ನುಂಗಿಕೊಂಡು, ಎದ್ದಾಗ ಅದಕ್ಕೆ ಉತ್ತರ ಕೊಡುವ ಹೊಣೆ ಡ್ರೈವರಿನದು.

ನಮ್ಮ ಡೈರಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್. ಅಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಅದನ್ನು ಎಲ್ಲ ಹಾಲು ಸಂಘಗಳ ಕಾರ್ಯದರ್ಶಿಗಳೂ ತಿಳಿದಿರಬೇಕು. 2012ರಲ್ಲಿ ಬಂದ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಅದು ಚಾಲೂ ಇರುವ ಕಂಪ್ಯೂಟರಿನಲ್ಲಿ ಶಟ್‌ಡೌನ್ ಒತ್ತಿದರೆ ವಿಂಡೋಸ್‌ನ ಒಳತಿರುಳು ಪೂರ್ತಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಬಟನ್ ಒತ್ತಿದಾಗ ಹೊಸದಾಗಿ ಹುಟ್ಟುವ ಬದಲು ನಿನ್ನೆಯ ನಿದ್ದೆಯಿಂದ ಏಳುತ್ತದೆ. ಡೈರಿಯ ಕಂಪ್ಯೂಟರನ್ನು ದಿನಾ ಎರಡು ಹೊತ್ತು ತೆರೆದು ಮುಚ್ಚುವ ಕಾರ್ಯದರ್ಶಿ, ತಾನು ಪ್ರತಿಸಲ ಹೊಸದಾಗಿ ಶುರು ಮಾಡುತ್ತಿದ್ದೇನೆ ಎಂದುಕೊಂಡಿರುತ್ತಾರೆ. ಡ್ರೈವರಿನ ಪಾಲಿಗೆ ಅದು ವಾರಗಟ್ಟಲೆ ಎಳೆದುಕೊಂಡು ಬಂದ ಒಂದೇ ದಿನ. "ಆಫ್ ಮಾಡಿ ಆನ್ ಮಾಡ್ದೆ, ಆದ್ರೂ ಬರಲಿಲ್ಲ ಅಣ್ಣಾ" ಎನ್ನುವವರಿಗೆ ನಾನು ರೀಸ್ಟಾರ್ಟ್ ಒತ್ತಿ ಎನ್ನುತ್ತೇನೆ. ರೀಸ್ಟಾರ್ಟ್‌ನಲ್ಲಿ ಎಲ್ಲವೂ ನಿಜವಾಗಿ ಮೊದಲಿನಿಂದ ಶುರುವಾಗುತ್ತದೆ. ಎಷ್ಟೋ ಸಲ ಅಷ್ಟರಲ್ಲೇ ತಕ್ಕಡಿ ಬಂದುಬಿಡುತ್ತದೆ.

ತಕ್ಕಡಿ ಬಾರದೆ ಇದ್ದರೆ ಕಷ್ಟ ಕಣ್ಣಿಗೆ ಕಾಣುತ್ತದೆ, ಯಾರನ್ನಾದರೂ ಕರೆಯುತ್ತೇವೆ. ನನ್ನನ್ನು ನಿದ್ದೆಗೆಡಿಸುವುದು ಬಂದಂತೆ ನಟಿಸುವ ತಕ್ಕಡಿ.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಇದ್ದಾಗಲೇ ನಡೆದದ್ದು. ಕರೆಂಟು ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬಂತು. ಕಂಪ್ಯೂಟರ್ ಯುಪಿಎಸ್ ಮೇಲೆ ಉಳಿಯಿತು, ಹಬ್ ಉಳಿಯಲಿಲ್ಲ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರಲಿಲ್ಲ. ಸಾಲು ಮುಂದುವರಿಯಿತು. ಚೀಟಿ ಬಂತು: 6.4. ಮುಂದಿನವರದೂ 6.4. ಮೂರನೆಯವರು ಒಬ್ಬ ನಡುವಯಸ್ಸಿನ ಹೆಂಗಸು. ಚೀಟಿ ನೋಡಿ ಅಲ್ಲೇ ನಿಂತರು. "ನನ್ ಕ್ಯಾನು ನನಗೆ ಗೊತ್ತಿಲ್ವಾ? ಇವತ್ತು ಕರ ಬಿಚ್ಕೊಂಡು ಕುಡಿದುಬಿಟ್ಟಿದೆ. ಐದೂ ಬರಲ್ಲ. ಇದ್ಯಾರ ಲೆಕ್ಕ ನಂಗೆ ಹಾಕಿದೀರಿ?" ಎಂದರು. ತಮಗೆ ಲಾಭವಾಗುವ ತಪ್ಪನ್ನು ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಅವರ ಹಿಂದಿದ್ದ ಒಬ್ಬರು, ಹಾಗಾದರೆ ಎಷ್ಟು ದಿನದಿಂದ ಹೀಗೆ ನಡೆದಿದೆ ಎಂದು ಕಾರ್ಯದರ್ಶಿಯ ಮುಖ ನೋಡಿ ಕೇಳಿದರು. ಕಾರ್ಯದರ್ಶಿಯ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಹೊಸ ತೂಕ ಬರುವುದು ನಿಂತುಹೋಗಿತ್ತು. ಸಾಫ್ಟ್‌ವೇರ್ ತನ್ನಲ್ಲಿದ್ದ ಕೊನೆಯ ತೂಕವನ್ನೇ ಎಲ್ಲರಿಗೂ ಹಂಚುತ್ತಿತ್ತು. ತಕ್ಕಡಿಯ ಮುಖದ ಮೇಲೆ ಸರಿಯಾದ ಅಂಕಿಯೇ ಇತ್ತು, ಆದರೆ ಅದು ತಿರುಗಿದ್ದದ್ದು ಗೋಡೆಯ ಕಡೆಗೆ.

ಇದನ್ನು ತಡೆಯುವುದು ಕಷ್ಟವಲ್ಲ. ಬಹುಪಾಲು ತಕ್ಕಡಿಗಳು ಸೆಕೆಂಡಿಗೆ ಹಲವು ಸಲ ತೂಕ ಕಳಿಸುತ್ತಲೇ ಇರುತ್ತವೆ. ಪ್ರತಿ ಅಂಕಿಗೂ ಅದು ಬಂದ ಹೊತ್ತನ್ನು ಅಂಟಿಸಿಟ್ಟುಕೊಂಡು, ಎರಡು ಸೆಕೆಂಡಿಗಿಂತ ಹಳೆಯದಾದರೆ ಪರದೆಯಿಂದ ಅಳಿಸಿ, 'ತಕ್ಕಡಿ ಸಂಪರ್ಕದಲ್ಲಿಲ್ಲ' ಎಂದು ಕನ್ನಡದಲ್ಲಿ ದೊಡ್ಡದಾಗಿ ತೋರಿಸಿದರೆ ಮುಗಿಯಿತು. ಖಾಲಿ ಪರದೆ ಜಗಳ ತರುವುದಿಲ್ಲ, ಕಾಯಿಸುತ್ತದೆ ಅಷ್ಟೇ. ಹಳೇ ಅಂಕಿ ಊರನ್ನೇ ಒಡೆಯುತ್ತದೆ.

ಸಾಫ್ಟ್‌ವೇರಿಗೆ ಆ ಸುದ್ದಿ ಮುಟ್ಟಬೇಕಾದರೆ ಡ್ರೈವರ್ ಮೊದಲು ನಿಜ ಹೇಳಬೇಕು. ಲಿನಕ್ಸ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಸಂಖ್ಯೆಯಿದೆ. ಮೈನಸ್ 19 ಬಂದರೆ ಸಾಧನವೇ ಇಲ್ಲ. ಮತ್ತೆ ಮತ್ತೆ ಕೇಳುವುದು ವ್ಯರ್ಥ, ಕೆಲಸ ನಿಲ್ಲಿಸಿ ಮೇಲಿನವರಿಗೆ ತಿಳಿಸಬೇಕು. ಮೈನಸ್ 71 ಬಂದರೆ ತಂತಿಯ ಮೇಲಿನ ಮಾತು ಕೆಟ್ಟಿದೆ. ಕೇಬಲ್ ಸಡಿಲವಿರಬಹುದು, ಸಾಧನ ಆಗಷ್ಟೇ ಕಳಚಿರಬಹುದು. ಸ್ವಲ್ಪ ತಡೆದು ಕೆಲವು ಸಲ ನೋಡಿ, ಆಗದಿದ್ದರೆ ರೀಸೆಟ್ ಕೇಳಬೇಕು. ಮೈನಸ್ 110 ಎಂದರೆ ಹೊತ್ತು ಮೀರಿದರೂ ಉತ್ತರವಿಲ್ಲ. ಮೈನಸ್ 113 ಎಂದರೆ ಮಲಗಿರುವ ಸಾಧನಕ್ಕೆ ಕೆಲಸ ಹೇಳಿದ್ದೀರಿ, ಮೊದಲು ಎಬ್ಬಿಸಿ. ನಾಲ್ಕಕ್ಕೂ ನಾಲ್ಕು ಬೇರೆ ಔಷಧಿ. ಎಲ್ಲಕ್ಕೂ ಒಂದೇ ಔಷಧಿ ಎಂಬಂತೆ 'ಮತ್ತೆ ಪ್ರಯತ್ನಿಸು' ಎಂದು ಬರೆದ ಡ್ರೈವರುಗಳನ್ನು ನಾನು ನೋಡಿದ್ದೇನೆ. ಅವು ನಿದ್ದೆಯಿಂದ ಎದ್ದ ಕಂಪ್ಯೂಟರನ್ನು ಸುಸ್ತಾಗುವವರೆಗೆ ಸುತ್ತಿಸುತ್ತವೆ. ಎಲ್ಲಕ್ಕೂ 'ಆಯಿತು' ಎಂದು ಹಿಂತಿರುಗುವ ಡ್ರೈವರ್ ಅದಕ್ಕಿಂತ ಕೇಡು. ಮಲಗುವ ಮುಂಚೆ ಬಾಕಿಯಿದ್ದ ಬೇಡಿಕೆಗಳನ್ನು ರದ್ದು ಮಾಡುವುದು, ಎದ್ದ ಮೇಲೆ ಬಫರಿನಲ್ಲಿ ಉಳಿದಿದ್ದ ಮಲಗುವ ಮುಂಚಿನ ಮಾಹಿತಿಯನ್ನು ಚೆಲ್ಲುವುದು, ವೇಗವನ್ನು ಮತ್ತೆ ಹೇಳುವುದು, ಆಮೇಲೆ ಹೊಸದಾಗಿ ಕೇಳುವುದು: ಇಷ್ಟು ಕ್ರಮ ಇದ್ದರೆ ನಮ್ಮ ಡೈರಿಗಳ ಅರ್ಧ ಗೋಳು ತೀರುತ್ತದೆ.

ಗುರುತಿನ ತೊಂದರೆಯೂ ಇದೆ. ಅಗ್ಗದ ಕನ್ವರ್ಟರುಗಳಲ್ಲಿ ಅನೇಕಕ್ಕೆ ತಮ್ಮದೇ ಆದ ಸೀರಿಯಲ್ ಸಂಖ್ಯೆ ಇರುವುದಿಲ್ಲ. ತಕ್ಕಡಿಯದೂ ಅನಲೈಸರಿನದೂ ಒಂದೇ ಬಗೆಯ ಕೇಬಲ್ ಆದರೆ ವಿಂಡೋಸ್ ಅವನ್ನು ಗುರುತಿಸುವುದು ಯಾವ ಸಾಕೆಟ್ಟಿನಲ್ಲಿವೆ ಎಂಬುದರಿಂದ. ಗಡಿಬಿಡಿಯಲ್ಲಿ ಕಿತ್ತು ಬೇರೆ ಸಾಕೆಟ್ಟಿಗೆ ಹಾಕಿದರೆ ವಿಂಡೋಸ್ ಕಾಮ್ 3 ಎಂದು ಕರೆಯುತ್ತಿದ್ದ ದಾರಿ ಕಾಮ್ 5 ಆಗುತ್ತದೆ, ಲೆಕ್ಕದ ಸಾಫ್ಟ್‌ವೇರ್ ಹಳೆಯದನ್ನೇ ಹುಡುಕುತ್ತದೆ. ಕೇಬಲ್ ಕೊಳ್ಳುವಾಗ ಸೀರಿಯಲ್ ಸಂಖ್ಯೆ ಇರುವುದನ್ನೇ ಕೇಳಿ. ಸಾಕೆಟ್ಟುಗಳಿಗೆ ಬಣ್ಣದ ಟೇಪು ಅಂಟಿಸಿ.

ಮಲಗಿ ಎದ್ದ ಮೇಲೆ ತಕ್ಕಡಿ ಬಾರದ ಕಡೆ ರಿಪೇರಿಯವರು ಸಾಮಾನ್ಯವಾಗಿ ಮಾಡುವುದು, ನಾನೂ ಮಾಡುವುದು, ಪವರ್ ಆಪ್ಷನ್ಸ್‌ಗೆ ಹೋಗಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಕೆಲಸವಿಲ್ಲದ ಸಾಧನವನ್ನು ಮಲಗಿಸುವ ಏರ್ಪಾಡು), ಫಾಸ್ಟ್ ಸ್ಟಾರ್ಟಪ್ ಎರಡನ್ನೂ ಆಫ್ ಮಾಡುವುದು. ಅವತ್ತಿನ ಸಂಜೆಯ ಹಾಲು ಕೆಡದಿರಲು ಅದು ಬೇಕು. ಆದರೆ ಇದನ್ನೇ ಪರಿಹಾರ ಎಂದು ಮಾರಾಟಗಾರರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕರೆಂಟು ಬೇಕಾದಾಗ ಹೋಗಿ ಬೇಕಾದಾಗ ಬರುವ ಊರಿನಲ್ಲಿ ಯಂತ್ರ ಮಲಗಲೇಬೇಕು, ಬ್ಯಾಟರಿ ಉಳಿಸಲೇಬೇಕು. ಜೊತೆಗೆ, ವಿಂಡೋಸ್ ಅಪ್‌ಡೇಟ್ ಬಂದು ಆಫ್ ಮಾಡಿದ ಆಯ್ಕೆ ಮತ್ತೆ ಆನ್ ಆಗಿರುವುದನ್ನೂ ಕಂಡಿದ್ದೇನೆ. ಮಲಗಬೇಡ ಎಂದು ಕಟ್ಟಿಹಾಕಿದರೂ ಹಬ್‌ನ ಕರೆಂಟು ಹೋಗುವುದು ನಿಲ್ಲುವುದಿಲ್ಲ.

ಇದೇ ಕಾಯಿಲೆ ಬೆರಳಚ್ಚಿನ ಯಂತ್ರದಲ್ಲಿ ಇನ್ನೂ ಕ್ರೂರವಾಗಿ ಕಾಣುತ್ತದೆ. 2022ರಲ್ಲಿ ಸರ್ಕಾರಿ ಸೇವೆಗಳ ಗ್ರಾಮ ಒನ್ ಕೇಂದ್ರಗಳು ಬಂದ ಮೇಲೆ ಆಧಾರ್ ಬೆರಳಚ್ಚು ಹಳ್ಳಿಯ ದಿನನಿತ್ಯದ ಕೆಲಸವಾಗಿದೆ. ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಜೋಡಿಸಿದ ಸ್ಕ್ಯಾನರ್ ಕೆಲಸವಿಲ್ಲದಾಗ ಮಲಗುತ್ತದೆ. ಎದ್ದಾಗ ಅರೆಬರೆ ಎದ್ದಿರುತ್ತದೆ. "ಇನ್ನೊಂದ್ ಕಿತ ಇಡಜ್ಜಿ, ಒತ್ತಿ ಇಡು" ಎನ್ನುತ್ತಾನೆ ಕೇಂದ್ರದ ಹುಡುಗ. ಅಜ್ಜಿ ಸೆರಗಿಗೆ ಬೆರಳು ಒರೆಸಿ ಇಡುತ್ತಾಳೆ. ಬರುವುದಿಲ್ಲ. "ನಿನ್ ಬೆರಳು ಸವೆದೋಗಿದೆ, ನಾಳೆ ಬಾ." ದುಡಿದ ಬೆರಳುಗಳು ಸವೆಯುವುದು ನಿಜ, ಅದರಿಂದ ಗುರುತು ಸಿಗದೆ ಹೋಗುವುದೂ ನಿಜ. ಆದರೆ ಸ್ಕ್ಯಾನರ್ ಸಿದ್ಧವಿಲ್ಲ ಎಂಬ ತಪ್ಪೇ ಬೇರೆ, ಬೆರಳು ಹೊಂದಲಿಲ್ಲ ಎಂಬ ತಪ್ಪೇ ಬೇರೆ. ಮೊದಲನೆಯದು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಬಂದು ಮಾಯವಾಗುತ್ತದೆ, ಎರಡನೆಯದನ್ನು ಅಜ್ಜಿಯ ತಲೆಗೆ ಕಟ್ಟಲಾಗುತ್ತದೆ. ಯಂತ್ರದ ನಿದ್ದೆಗೆ ಅವಳ ಒಂದು ದಿನದ ಕೂಲಿ ಯಾಕೆ ಹೋಗಬೇಕು? ಕೇಬಲ್ ಕಿತ್ತು ಹತ್ತು ಎಣಿಸಿ ಮತ್ತೆ ಹಾಕಿ, ಆಮೇಲೆ ಬೆರಳಿನ ಮಾತಾಡಿ ಎಂದು ನಾನು ಹೋದಲ್ಲೆಲ್ಲ ಆ ಹುಡುಗರಿಗೆ ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಈ ತಂತ್ರಜ್ಞಾನ ದೂರದ್ದಲ್ಲ. ನರಸಾಪುರದ ಕಾರ್ಖಾನೆಯಲ್ಲಿ 2020ರಿಂದ ಐಫೋನ್ ಜೋಡಣೆ ನಡೆಯುತ್ತಿದೆ. 2023ರಲ್ಲಿ ಅದು ಟಾಟಾ ಕೈಗೆ ಬಂತು, ಅದೇ ವರ್ಷ ಐಫೋನಿಗೆ ಯುಎಸ್‌ಬಿ-ಸಿ ಸಾಕೆಟ್ಟೂ ಬಂತು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಕಾರ್ಖಾನೆಯ ಬಸ್ಸು ಹತ್ತುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಅವರು ಕೆಲಸ ಮಾಡುವ ಕಾರ್ಖಾನೆಯಲ್ಲಿ ಪರೀಕ್ಷೆಯಾಗದ ಫೋನು ಪೆಟ್ಟಿಗೆ ಸೇರುವುದಿಲ್ಲ. ಅವರ ಹಾಲು ಅಳೆಯುವ ವ್ಯವಸ್ಥೆಯನ್ನು ಮಲಗಿಸಿ ಎಬ್ಬಿಸಿ ನೋಡದೆ ಕೊಳ್ಳುವುದು ಅನ್ಯಾಯ.

ಹಾಲು ಒಕ್ಕೂಟವಾಗಲಿ ಇಲಾಖೆಯಾಗಲಿ ಮುಂದಿನ ಸಲ ಟೆಂಡರ್ ಕರೆಯುವಾಗ ಇಷ್ಟನ್ನು ಷರತ್ತಾಗಿ ಬರೆಯಲಿ. ತಕ್ಕಡಿ, ಅನಲೈಸರ್ ಜೋಡಿಸಿಟ್ಟು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆಯಬೇಕು. ಶಟ್‌ಡೌನ್ ಮಾಡಿ ತೆರೆಯಬೇಕು. ಹೈಬರ್ನೇಟ್ ಮಾಡಿ, ಆ ಹೊತ್ತಿನಲ್ಲಿ ಹಬ್‌ನ ಕರೆಂಟು ತೆಗೆದು ಮತ್ತೆ ಕೊಟ್ಟು ತೆರೆಯಬೇಕು. ತೂಕ ನಡೆಯುತ್ತಿರುವಾಗಲೇ ಕೇಬಲ್ ಕೀಳಬೇಕು. ಪ್ರತಿಸಲವೂ ಪರದೆಯ ಮೇಲೆ ಸರಿಯಾದ ಹೊಸ ಅಂಕಿ ಬರಬೇಕು, ಇಲ್ಲವೇ ಅಂಕಿಯೇ ಬರಬಾರದು. ಹಳೆಯದು ಒಂದೇ ಒಂದು ಸಲ ಬಂದರೂ ಆ ಮಾಲು ವಾಪಸ್. ಕಾರ್ಯದರ್ಶಿ ಕೈಯಲ್ಲಿ ಟೈಪ್ ಮಾಡಿದ ತೂಕಕ್ಕೆ ಚೀಟಿಯಲ್ಲೇ ಒಂದು ಗುರುತು ಬೀಳಬೇಕು; ಅದು ರೈತರಿಗೂ ರಕ್ಷಣೆ, ಪ್ರಾಮಾಣಿಕ ಕಾರ್ಯದರ್ಶಿಗೂ ರಕ್ಷಣೆ. ಮಾಪನಶಾಸ್ತ್ರ ಇಲಾಖೆಯವರು ಮುದ್ರೆ ಹಾಕಲು ಬಂದಾಗ ತಕ್ಕಡಿಯ ಮುಖವನ್ನಷ್ಟೇ ನೋಡದೆ ಚೀಟಿ ಅಚ್ಚು ಮಾಡಿಸಿ ಎರಡನ್ನೂ ಹೊಂದಿಸಿ ನೋಡಲಿ. ಹಾಲು ಹಾಕುವವರಿಗೆ ಕಾಣುವ ಹಾಗೆ ತಕ್ಕಡಿಯ ಮುಖ ಸಾಲಿನ ಕಡೆ ತಿರುಗಿರಲಿ. ಇದಕ್ಕಂತೂ ಟೆಂಡರೂ ಬೇಡ, ಇವತ್ತು ಸಂಜೆಯೇ ತಿರುಗಿಸಬಹುದು.

ಈ ಪರೀಕ್ಷೆಗೆ ಬೇಕಾದದ್ದು ಒಂದು ಲ್ಯಾಪ್‌ಟಾಪು, ಒಂದು ತಕ್ಕಡಿ, ಮುದ್ರೆಯಿರುವ ಐದು ಕಿಲೋ ಬಟ್ಟು, ಅರ್ಧ ದಿನದ ಸಮಯ. ಮುಳಬಾಗಿಲು, ಕೋಲಾರ, ಮಾಲೂರು, ಶ್ರೀನಿವಾಸಪುರ ತಾಲ್ಲೂಕುಗಳ ಯಾವ ಸಂಘ ತನ್ನ ಕಂಪ್ಯೂಟರನ್ನು ಹೀಗೆ ಪರೀಕ್ಷಿಸಿಕೊಳ್ಳಲು ಬಯಸಿದರೂ, ಬೆಳಗಿನ ಹಾಲು ಮುಗಿದ ಮೇಲೆ ಬಂದು ಸಂಜೆಯ ಹಾಲಿಗೆ ಮುಂಚೆ ಮಾಡಿಕೊಡುತ್ತೇನೆ, ದುಡ್ಡು ಬೇಡ. ಕಂಡದ್ದನ್ನು ಬರೆದು ಸಂಘದ ಗೋಡೆಗೆ ಅಂಟಿಸಲು ಮಾತ್ರ ಒಪ್ಪಬೇಕು.